ಡಿ ಡ್ರೈವ್‌ನಲ್ಲಿದ್ದ ರಸ್ತೆ

ಮೂಡುಬಿದಿರೆಯ ಆ ಕಂಪ್ಯೂಟರ್ ಅಂಗಡಿಗೆ ನಾನು ಎರಡನೆಯ ಸಲ ಹೋದದ್ದು ಜಗಳಕ್ಕೆಂದೇ. ಬಸ್ಸಿನಲ್ಲಿ ಕೂತು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ: ಗ್ರಾಹಕರ ವೇದಿಕೆ, ಲಿಖಿತ ಸ್ಪಷ್ಟೀಕರಣ, ಏಳು ದಿನಗಳ ಗಡುವು. ಇಂಥ ವಾಕ್ಯಗಳು ನನಗೆ ಸುಲಭವಾಗಿ ಬರುತ್ತವೆ. ವಿಶ್ವವಿದ್ಯಾನಿಲಯದಲ್ಲಿ ಸದಾ ಬೀಗ ಹಾಕಿರುತ್ತಿದ್ದ ಶೌಚಾಲಯದಿಂದ ಹಿಡಿದು ತಡವಾದ ವಿದ್ಯಾರ್ಥಿವೇತನದವರೆಗೆ ಎಲ್ಲದಕ್ಕೂ ಸಂಬಂಧಪಟ್ಟವರಿಂದ ಉತ್ತರ ಕೇಳಿದವಳು ನಾನು. ಕೇಳುವುದನ್ನು ಬಿಟ್ಟಿಲ್ಲ; ಬಿಡುವ ಉದ್ದೇಶವೂ ಇಲ್ಲ. ಆದರೆ ಆ ದಿನ ಉತ್ತರ ಸಿಕ್ಕಿತು. ಅದು ಹೇಗೆ ಸಿಕ್ಕಿತೆಂದು ಹೇಳಬೇಕಾದರೆ ಅಪ್ಪನಿಂದ ಆರಂಭಿಸಬೇಕು.

ಅಪ್ಪ ಬೆಳ್ತಂಗಡಿ ಮತ್ತು ಬಂಟ್ವಾಳದ ನಡುವೆ ಖಾಸಗಿ ಬಸ್ಸು ಓಡಿಸುತ್ತಿದ್ದರು. ನಮ್ಮ ಮನೆ ಆ ದಾರಿಯ ನಡುವೆ, ಪುಂಜಾಲಕಟ್ಟೆಯಲ್ಲಿ. ದಿನಕ್ಕೆ ಎಂಟು ಸಲ ಮನೆಯ ಮುಂದೆ ಹಾದುಹೋಗಿ, ರಾತ್ರಿ ಊಟಕ್ಕೆ ಮಾತ್ರ ಒಳಗೆ ಬರುವ ತಂದೆ ನಮ್ಮವರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಕುಸಿದರು. ಪಾರ್ಶ್ವವಾಯು. ಮಾತು ಉಳಿಯಿತು, ಬಲಭಾಗ ಉಳಿಯಿತು. ಎಡಗೈ ಮತ್ತು ಎಡಗಾಲು ಉಳಿಯಲಿಲ್ಲ. ಎಡಗಾಲಿಲ್ಲದೆ ಕ್ಲಚ್ಚಿಲ್ಲ, ಕ್ಲಚ್ಚಿಲ್ಲದೆ ಬಸ್ಸಿಲ್ಲ. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ತನ್ನ ಬಸ್ಸು ಬೇರೆಯವನ ಕೈಯಲ್ಲಿ ಹೋಗುವ ಸದ್ದನ್ನು ಕೇಳಿ, “ಗೇರು ಹಾಕ್ಲಿಕ್ಕೆ ಬರುವುದಿಲ್ಲ ಅವನಿಗೆ” ಎಂದಷ್ಟೇ ಹೇಳುತ್ತಿದ್ದರು.

ಅಣ್ಣ ಬೆಳ್ತಂಗಡಿಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಬಿಡುವಿನಲ್ಲಿ ಅವನಿಗಿದ್ದ ಚಟ ಒಂದೇ, ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ. ನಮ್ಮ ಕಡೆಯ ಹುಡುಗರು ಆ ಆಟದ ವಿದೇಶಿ ಬಸ್ಸುಗಳಿಗೆ ನಮ್ಮ ಲೈನ್ ಬಸ್ಸುಗಳ ಬಣ್ಣ ಬಳಿದು, ಅವುಗಳದೇ ಹಾರ್ನ್ ಕೂರಿಸುತ್ತಾರೆ. ಅಣ್ಣ ರಸ್ತೆಗಳನ್ನೂ ಕಟ್ಟಲು ಕಲಿತಿದ್ದ. ಒಂದು ಭಾನುವಾರ ಅಪ್ಪನ ಕುರ್ಚಿಯನ್ನು ಪರದೆಯ ಮುಂದಕ್ಕೆ ಎಳೆದು ತೋರಿಸಿದ.

“ಇದು ಎಲ್ಲಿಯ ರೋಡು ಮಾರಾಯ? ಒಂದು ದನ ಸಹ ಇಲ್ಲ” ಎಂದರು ಅಪ್ಪ. ಸ್ವಲ್ಪ ಹೊತ್ತು ನೋಡಿ, “ನಮ್ಮದು ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು.

“ಆಗ್ತದೆ. ನೀವು ಹೇಳ್ಬೇಕು.”

ಹಾಗೆ ಆರಂಭವಾದದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ, ಭಾನುವಾರದಿಂದ ಭಾನುವಾರಕ್ಕೆ ನಡೆಯಿತು. ನಮ್ಮ ಮನೆಯ ಮಾತು ತುಳು. ಅಪ್ಪ ಆಗ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಸೊಗಸು ಹೋಗುತ್ತದೆ. ಅವರು ಕಿಲೋಮೀಟರಿನ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. “ಇಲ್ಲಿ ಏರು ಉಂಟು ಅಂತ ಕಣ್ಣಿಗೆ ಕಾಣುವುದಿಲ್ಲ, ಬಸ್ಸಿಗೆ ಗೊತ್ತಾಗ್ತದೆ.” “ಹಾರ್ನು ತಿರುವಿನಲ್ಲಿ ಅಲ್ಲ, ಮೋರಿಯ ಹತ್ತಿರ. ಎದುರಿನವನಿಗೆ ಅಲ್ಲಿಂದಲೇ ಕೇಳುವುದು.” “ಈ ಮಾವಿನ ಮರದ ಗೆಲ್ಲು ಟಾಪಿಗೆ ತಾಗ್ತದೆ, ಸ್ವಲ್ಪ ಬಲಕ್ಕೆ ತೆಗಿ.” ಒಂದು ಕಡೆ ಬಸ್ಸು ನಿಲ್ಲಿಸಲು ಹೇಳಿದರು. ಅಲ್ಲಿ ಸ್ಟಾಪಿಲ್ಲವೆಂದು ಅಣ್ಣ ವಾದಿಸಿದ.

“ಒಬ್ರು ಟೀಚರು ನಿಲ್ತಾರೆ. ಕೈ ಅಡ್ಡ ಹಾಕುವುದಿಲ್ಲ ಅವರು, ನಾವೇ ನಿಲ್ಲಿಸ್ಬೇಕು.”

“ಟೀಚರನ್ನು ಸಹ ಮಾಡ್ಬೇಕಾ ಅಪ್ಪ ಇನ್ನು?”

“ಮಾಡು. ಅವರಿಲ್ಲದಿದ್ರೆ ನನಗೆಂತ ಕೆಲಸ ಅಲ್ಲಿ ನಿಲ್ಲಿಸ್ಲಿಕ್ಕೆ?”

ಅಣ್ಣ ಟೀಚರನ್ನು ಮಾಡಿದ. ನೀಲಿ ಸೀರೆ, ಕೊಡೆ.

ನಾನು ಆ ಭಾನುವಾರಗಳಲ್ಲಿ ಒಳಕೋಣೆಯಲ್ಲಿ ಪ್ರಬಂಧ ಬರೆಯುತ್ತಿದ್ದೆ. ಸದ್ದು ಕಡಿಮೆ ಮಾಡಿ ಎಂದು ಎರಡು ಸಲ ಹೇಳಿದ್ದು ನೆನಪಿದೆ.

ಇತ್ತ ಹೊರಗೆ ನಿಜವಾದ ರಸ್ತೆಯ ಅಗಲೀಕರಣ ಆರಂಭವಾಗಿತ್ತು. ಮರಗಳು ಉರುಳಿದವು, ಗುಡ್ಡಗಳನ್ನು ಕಡಿದರು, ತಿರುವುಗಳನ್ನು ನೇರ ಮಾಡಿದರು. ಆಗ ಅಪ್ಪ ಮನೆ ಬಿಟ್ಟು ಹೊರಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ, ವ್ಯಾಯಾಮ ಹೇಳಿಕೊಡುವವರು ಮನೆಗೇ ಬರುತ್ತಿದ್ದರು. ಹೊರಗೆ ಕಿತ್ತುಹೋಗುತ್ತಿದ್ದ ದಾರಿ ಅದೇ ವೇಳೆಗೆ ನಮ್ಮ ಜಗಲಿಯ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು, ಬೇರೆಲ್ಲೂ ಅಲ್ಲ. ಹಳೆಯ ಉಪಗ್ರಹ ಚಿತ್ರಗಳನ್ನು ಅಣ್ಣ ಹುಡುಕಿದ್ದ. ಅವುಗಳಲ್ಲಿ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ದಾರಿ ಎತ್ತ ತಿರುಗುತ್ತದೆ, ಎಲ್ಲಿ ಏರುತ್ತದೆ ಎಂದು ತಿಳಿಯುತ್ತಿರಲಿಲ್ಲ.

ದಾರಿ ಬಂಟ್ವಾಳ ಮುಟ್ಟುವ ಹೊತ್ತಿಗೆ ಹಳೆಯ ಕಂಪ್ಯೂಟರ್ ಸೋತಿತು. ಅಷ್ಟು ಮರಗಳನ್ನು ಎಳೆಯಲಾರದೆ ಚಿತ್ರ ತಡೆದು ತಡೆದು ಬರುತ್ತಿತ್ತು. ಅಣ್ಣ ಹೊಸ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ನಿರ್ಧರಿಸಿದ. ಜೊತೆಗೆ ಮೇಜಿಗೆ ಬಿಗಿಯುವ ಸ್ಟೀರಿಂಗ್ ಮತ್ತು ಪೆಡಲ್. ಕ್ಲಚ್ಚಿಲ್ಲದಂತೆ ಹೊಂದಿಸಿದರೆ ಬಲಗೈ, ಬಲಗಾಲು ಸಾಕು. ಅಪ್ಪ ತನ್ನ ರಸ್ತೆಯಲ್ಲಿ, ತಾನೇ, ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಹೋಗಬೇಕು. ಆ ಎಲ್ಲ ಭಾನುವಾರಗಳೂ ಇದಕ್ಕಾಗಿಯೇ ನಡೆದಿದ್ದವು.

ಮೂಡುಬಿದಿರೆಯ ಅಂಗಡಿಯಲ್ಲಿ ಇಂಥದ್ದನ್ನು ಚೆನ್ನಾಗಿ ಜೋಡಿಸುತ್ತಾರೆಂದು ಕೇಳಿದ್ದೆವು. ಹಳೆಯ ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇತ್ತು, ಅದನ್ನೂ ಹೊಸದರೊಳಗೆ ಹಾಕಿಸುವುದೆಂದಾಯಿತು. ಅಣ್ಣನಿಗೆ ರಜೆ ಸಿಗಲಿಲ್ಲ.

“ನಾನು ತಗೊಂಡು ಹೋಗ್ತೇನೆ. ಬ್ಯಾಕಪ್ಪೂ ನಾನೇ ಮಾಡ್ತೇನೆ” ಎಂದೆ.

“ಸರಿಯಾಗಿ ಬೇರೆ ಕಡೆ ಇಡ್ತಿಯಲ್ಲ?”

“ಎಂ.ಎ. ಮಾಡಿದವಳಿಗೆ ಅಷ್ಟು ಬರುವುದಿಲ್ವಾ?”

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಪಾಠ ಮಾಡಿದವರು ಒಂದು ಮಾತನ್ನು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು. ಸಿ ಡ್ರೈವ್ ಎಂದರೆ ಜಗಲಿ, ಯಾರು ಬೇಕಾದರೂ ಬರುತ್ತಾರೆ, ವೈರಸ್ಸೂ ಬರುತ್ತದೆ. ಡಿ ಎಂದರೆ ಒಳಕೋಣೆ, ಬೇಕಾದ್ದನ್ನು ಅಲ್ಲಿಡಿ. ನಾವು ಬರೆದುಕೊಂಡೆವು, ಪರೀಕ್ಷೆಗೂ ಬರೆದೆವು. ಸೈಬರ್ ಅಂಗಡಿಯಲ್ಲೂ, ಕಾಲೇಜಿನ ಕಚೇರಿಯಲ್ಲೂ ಅದನ್ನೇ ಕೇಳಿದೆ. ಜಗಲಿ ಮತ್ತು ಒಳಕೋಣೆ ಒಂದೇ ಮನೆಯವು, ಮನೆ ಕೆಡವಿದರೆ ಎರಡೂ ಹೋಗುತ್ತವೆ ಎಂದು ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅಣ್ಣನ ನಕ್ಷೆಯ ಇಡೀ ಫೋಲ್ಡರನ್ನು ಸಿಯಿಂದ ಡಿಗೆ ನಕಲು ಮಾಡಿದೆ. ನಲವತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ತೆರೆದು ಪರೀಕ್ಷಿಸಿಯೂ ನೋಡಿದೆ, ಎಲ್ಲ ಇತ್ತು. ಅಷ್ಟು ಜಾಗರೂಕತೆಯಿಂದ ತಪ್ಪು ಮಾಡಿದೆ.

ಅಂಗಡಿಯವರು ಸೌಮ್ಯ ಮನುಷ್ಯ. “ಮೇಡಂ, ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹಾಕುವ. ಗೇಮಿಗೆ ಜಾಗ ಆಗ್ತದೆ. ಬ್ಯಾಕಪ್ ತೆಗೆದಿದ್ದೀರಲ್ಲ?” ಎಂದು ಕೇಳಿದರು.

“ತೆಗೆದಿದ್ದೇನೆ. ಧೈರ್ಯದಲ್ಲಿ ಮಾಡಿ.”

ಅವರು ಮುಂದೆ ಸರಿಸಿದ ಚೀಟಿಯನ್ನು ಓದದೆ ಸಹಿ ಹಾಕಿದೆ. ಓದದೆ ಸಹಿ ಹಾಕಬಾರದೆಂದು ಊರಿನ ಎಷ್ಟೋ ಹೆಂಗಸರಿಗೆ ಬುದ್ಧಿ ಹೇಳಿದವಳು ನಾನು.

ನಾಲ್ಕು ದಿನಗಳ ಮೇಲೆ ಕಂಪ್ಯೂಟರ್ ಮನೆಗೆ ಬಂತು. ಅಣ್ಣ ಮೇಜಿಗೆ ಸ್ಟೀರಿಂಗ್ ಬಿಗಿದ, ಪೆಡಲ್ ಜಾರದಂತೆ ಗೋಣಿ ಹಾಸಿದ. ಅಪ್ಪ ಅಮ್ಮನಿಂದ ಖಾಕಿ ಅಂಗಿ ತೆಗೆಸಿ ಹಾಕಿಕೊಂಡು ಕೂತಿದ್ದರು. ನಕ್ಷೆ ಎಲ್ಲಿದೆಯೆಂದು ಅಣ್ಣ ಕೇಳಿದ. ಡಿಯಲ್ಲಿ ಎಂದೆ. ಡಿ ಅಲ್ಲೇ ಇತ್ತು, ತೆರೆದ. ಒಳಗೆ ಕಾರು ಓಡಿಸುವ, ಗುಂಡು ಹಾರಿಸುವ ನಾಲ್ಕು ದೊಡ್ಡ ಆಟಗಳಿದ್ದವು. ಅಂಗಡಿಯವರು ಉಚಿತವಾಗಿ ತುಂಬಿ ಕೊಟ್ಟವು. ಬೇರೇನೂ ಇರಲಿಲ್ಲ.

“ಯಾವ ಡಿಯಲ್ಲಿ ಇಟ್ಟದ್ದು ನೀನು?”

“ಹಳೇದರ ಡಿಯಲ್ಲಿ.”

ಅಣ್ಣ ನನ್ನನ್ನು ನೋಡಲಿಲ್ಲ. “ಅದು ಎರಡೂ ಒಂದೇ ಡಿಸ್ಕು ಮಾರಾಯ್ತಿ” ಎಂದ, ಮೆಲ್ಲಗೆ. ಆಮೇಲೆ ಅಪ್ಪನ ಕಡೆ ತಿರುಗಿ, “ಇವತ್ತು ಆಗುವುದಿಲ್ಲ ಅಪ್ಪ. ಸ್ವಲ್ಪ ತೊಂದರೆ ಉಂಟು” ಎಂದ.

“ಬಸ್ಸು ಬ್ರೇಕ್‌ಡೌನಾ?” ಎಂದರು ಅಪ್ಪ. ನಗಿಸಲು ಹೇಳಿದ್ದು.

ಮರುದಿನ ನಾನು ಜಗಳಕ್ಕೆ ಹೋದೆ. ಕೇಳದೆ ಅಳಿಸುವ ಹಕ್ಕು ನಿಮಗೆ ಕೊಟ್ಟವರು ಯಾರು ಎಂದು ಹತ್ತು ಜನ ಗಿರಾಕಿಗಳ ಮುಂದೆ ಕೇಳಿದೆ. ಅವರು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟು, ಡ್ರಾಯರಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ‘ಗ್ರಾಹಕರು ಬ್ಯಾಕಪ್ ಮಾಡಿಕೊಂಡಿರುತ್ತಾರೆ. ಮಾಹಿತಿ ನಷ್ಟಕ್ಕೆ ಅಂಗಡಿ ಹೊಣೆಯಲ್ಲ.’ ಕೆಳಗೆ ನನ್ನ ದುಂಡಗಿನ ಸಹಿ.

“ನಾನು ಕೇಳಿದ್ದೆ ಮೇಡಂ. ಬೇಕಾದ್ರೆ ರಿಕವರಿ ಮಾಡಿ ನೋಡ್ತೇನೆ, ದುಡ್ಡು ಬೇಡ. ಆದ್ರೆ ಅದರ ಮೇಲೆ ಗೇಮ್ ಹಾಕಿ ಆಗಿದೆ. ಕಷ್ಟ ಉಂಟು.”

ಎರಡು ವಾರ ಪ್ರಯತ್ನಿಸಿದರು. ಸಿಕ್ಕಿದ್ದು ಒಂದು ಹಾರ್ನಿನ ಸದ್ದು, ಕೆಲವು ಎಲೆಗಳ ಚಿತ್ರ ಮತ್ತು ಯಾವುದೋ ನೀಲಿ ಬಟ್ಟೆಯ ತುಂಡು.

ನಾನು ಸುಮ್ಮನೆ ಕೂರುವವಳಲ್ಲ. ಅಗಲೀಕರಣಕ್ಕೆ ಮೊದಲಿನ ರಸ್ತೆಯ ಅಳತೆ ನಕ್ಷೆ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಒಂದು ಕಚೇರಿ ಇನ್ನೊಂದಕ್ಕೆ ಕಳುಹಿಸಿತು. ಆ ಇನ್ನೊಂದು, ಕೇಳಿದ ಮಾಹಿತಿ ತನ್ನಲ್ಲಿ ಲಭ್ಯವಿಲ್ಲವೆಂದು ಒಂದೇ ಸಾಲು ಬರೆಯಿತು. ರಸ್ತೆ ಅಗಲವಾಗಬಾರದೆಂದು ನಾನು ಹೇಳುತ್ತಿಲ್ಲ. ನೂರಾರು ಜನ ಜೀವಮಾನವಿಡೀ ನಡೆದ, ಓಡಿಸಿದ ದಾರಿಯನ್ನು ಕೀಳುವ ಮೊದಲು, ಅದು ಹೇಗಿತ್ತೆಂದು ಒಂದು ಪ್ರತಿ ಎತ್ತಿಡುವುದು ಯಾರ ಕೆಲಸವೆಂದು ಕೇಳುತ್ತಿದ್ದೇನೆ. ಮೇಲ್ಮನವಿಯನ್ನೂ ಹಾಕಿದ್ದೇನೆ. ಆದರೆ ಅದನ್ನು ಬರೆಯುವಾಗ ಮೊದಲ ಸಲ ಕೈ ತಡೆಯಿತು. ಅವರು ಎತ್ತಿಡಲಿಲ್ಲ, ನಮ್ಮಲ್ಲಿ ಇದ್ದದ್ದನ್ನು ಅಳಿಸಲು ಹೇಳಿದವಳು ನಾನು.

ಉಳಿದ ದಾರಿ ಒಂದೇ, ಅಪ್ಪ ಮತ್ತೆ ಹೇಳುವುದು. ಅವರು ಬೇಸರಿಸಲಿಲ್ಲ. ಭಾನುವಾರ ಕುರ್ಚಿ ಎಳೆಸಿಕೊಂಡು ಕೂತರು. ಬೆಳ್ತಂಗಡಿಯಿಂದ ಹೊರಟರು. ಪುಂಜಾಲಕಟ್ಟೆ ದಾಟಿ ಸ್ವಲ್ಪ ದೂರದಲ್ಲೇ ಅಣ್ಣನ ಬೆರಳು ನಿಂತಿತು.

“ಇಲ್ಲಿ ಡಿವೈಡರ್ ಬರ್ತದೆ” ಎಂದಿದ್ದರು ಅಪ್ಪ.

“ಅದು ಈಗಿನದ್ದಲ್ವಾ ಅಪ್ಪ? ಮೊದಲಿನದ್ದು ಹೇಳಿ.”

ಅಪ್ಪ ಕಣ್ಣು ಮುಚ್ಚಿದರು. ಐದಾರು ತಿಂಗಳಿಂದ ವಾರಕ್ಕೆ ಮೂರು ಸಲ ಅವರನ್ನು ಕಾರಿನಲ್ಲಿ ಬಂಟ್ವಾಳಕ್ಕೆ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದೆವು. ಮುಂದಿನ ಸೀಟೇ ಬೇಕು ಅವರಿಗೆ. ಡ್ರೈವರಿನ ಕಣ್ಣು, ಹೊಸ ರಸ್ತೆಯ ಒಂದೊಂದು ಅಂಗುಲವನ್ನೂ ನೋಡಿಕೊಂಡು ಹೋಗುತ್ತಿದ್ದರು.

“ಮೋರಿ ಉಂಟಲ್ಲ… ಮೋರಿಯ ಮೊದಲು… ಇಲ್ಲ, ಅಲ್ಲಿ ಈಗ ಸರ್ವಿಸ್ ರೋಡು.” ಕಣ್ಣು ತೆರೆದರು. “ಹೊಸತೇ ಬರ್ತದೆ ಮಗ. ಎಷ್ಟು ನೆನಪು ಮಾಡಿದ್ರೂ ಹೊಸತೇ ಬರ್ತದೆ.”

ನಾಲ್ಕು ಭಾನುವಾರ ಕಳೆದವು. ತುಂಡು ತುಂಡಾಗಿ ಸ್ವಲ್ಪ ಸಿಕ್ಕಿತು. ಟೀಚರು ಸಿಕ್ಕಿದರು, ಎಲ್ಲಿ ನಿಲ್ಲುತ್ತಿದ್ದರೆಂದು ಸಿಗಲಿಲ್ಲ. ಪುಂಜಾಲಕಟ್ಟೆಯಿಂದ ಬಂಟ್ವಾಳದ ಕಡೆಗೆ ಒಂದು ಉದ್ದದ ಭಾಗ ಪೂರ್ತಿ ಖಾಲಿ ಉಳಿಯಿತು. ಅಣ್ಣ ನನ್ನನ್ನು ಕರೆದ. ಸಿಟ್ಟಿನಿಂದಲ್ಲ. ಅವನು ಸಿಟ್ಟು ಮಾಡಿದ್ದರೆ ಸುಲಭವಾಗುತ್ತಿತ್ತು.

“ಎರಡು ವರ್ಷ ಯುನಿವರ್ಸಿಟಿಗೆ ದಿನಾ ಹೋಗಿದ್ದಿಯಲ್ಲ ಇದೇ ರೋಡಲ್ಲಿ. ಶಾಲೆ ಕಳೆದ ಮೇಲೆ ಇಳಿಜಾರು. ಆಮೇಲೆ ತಿರುವು ಎಡಕ್ಕಾ, ಬಲಕ್ಕಾ?”

ಆ ಎರಡು ವರ್ಷ ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಯಾವಾಗಲೂ ಒಂದು ಪುಸ್ತಕವಿತ್ತು, ಅಥವಾ ಫೋನಿನಲ್ಲಿ ಯಾರಿಗೋ ಬರೆಯುತ್ತಿದ್ದ ಪತ್ರವಿತ್ತು. ನಾನು ಹತ್ತುತ್ತಿದ್ದದ್ದು ಹೆಚ್ಚಾಗಿ ಅಪ್ಪನದೇ ಬಸ್ಸು. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು, ಒಂದು ದಿನವೂ ತಲೆ ಎತ್ತಿ ಮುಂದಿನ ಗಾಜಿನಲ್ಲಿ ನೋಡಿದ ನೆನಪಿಲ್ಲ.

“ಗೊತ್ತಿಲ್ಲ” ಎಂದೆ.

ಅಣ್ಣ ಆ ಖಾಲಿ ಜಾಗದ ಎರಡು ತುದಿಗಳನ್ನು ಹಿಡಿದು, ನಡುವೆ ರಸ್ತೆಯನ್ನು ನೇರವಾಗಿ ಎಳೆದ.

ಈಗ ಆ ನಕ್ಷೆಗೆ ಮೂರು ಪ್ರತಿಗಳಿವೆ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ತೋಡಾರಿನ ಚಿಕ್ಕಮ್ಮನ ಮನೆಯ ಕಪಾಟಿನಲ್ಲಿ. ಪ್ರತಿ ತಿಂಗಳು ಹೋಗಿ ಬದಲಾಯಿಸಿ ಬರುವವಳು ನಾನೇ. ಒಂದೊಂದನ್ನೂ ತೆರೆದು ನೋಡಿ, ದಿನಾಂಕ ಬರೆದಿಡುತ್ತೇನೆ. ಕಾದಿಡುವುದನ್ನು ಚೆನ್ನಾಗಿ ಕಲಿತಿದ್ದೇನೆ. ಕಾದಿಡುತ್ತಿರುವುದು ಅಪ್ಪ ಮೊದಲು ಹೇಳಿದ ರಸ್ತೆಯನ್ನಲ್ಲ.

ಅಪ್ಪ ಮೊದಲ ಸಲ ಸ್ಟೀರಿಂಗ್ ಹಿಡಿದ ದಿನ ನಾವಿಬ್ಬರೂ ಹಿಂದೆ ನಿಂತಿದ್ದೆವು. ಬೆಳ್ತಂಗಡಿ ಬಿಟ್ಟರು, ಪುಂಜಾಲಕಟ್ಟೆ ದಾಟಿದರು, ನೇರ ರಸ್ತೆಗೆ ಬಂದರು. ವೇಗ ಹೆಚ್ಚಿತು. ಎರಡೂ ಬದಿಯಲ್ಲಿ ಬರೀ ಹುಲ್ಲು.

“ರೋಡು ಒಳ್ಳೆದುಂಟು ಇಲ್ಲಿ. ಯಾರದ್ದು ಕಾಂಟ್ರಾಕ್ಟು?” ಎಂದರು.

“ನನ್ನದು” ಎಂದೆ.

“ಬೋರ್ಡೆಲ್ಲಿ ಉಂಟು? ಕೆಲಸ ಮಾಡಿದವರು ಬೋರ್ಡು ಹಾಕ್ಬೇಕು. ನೀನೇ ಹೇಳುವುದಲ್ವಾ ಯಾವಾಗ್ಲೂ?”

ಆ ಸಂಜೆ ಅಣ್ಣನ ಪಕ್ಕ ಕೂತು ಬೋರ್ಡು ಬರೆಸಿದೆ. ಹಸಿರು ಹಲಗೆ, ಬಿಳಿಯ ಅಕ್ಷರ: ‘ಇಲ್ಲಿದ್ದ ರಸ್ತೆ ಅಳಿದಿದೆ. ಹೊಣೆ,’ ಅದರ ಮುಂದೆ ನನ್ನ ಪೂರ್ತಿ ಹೆಸರು. ಬೇಡವೆಂದ ಅಣ್ಣ, ನಾನು ಒಪ್ಪಲಿಲ್ಲ. ನೇರ ರಸ್ತೆ ಆರಂಭವಾಗುವಲ್ಲಿ, ಎಡಬದಿಗೆ ನೆಟ್ಟಿದ್ದಾನೆ. ಅಪ್ಪ ದಿನಕ್ಕೆ ಎರಡು ಸಲ ಅದನ್ನು ದಾಟುತ್ತಾರೆ. ಓದುವಷ್ಟು ನಿಧಾನ ಮಾಡುವುದಿಲ್ಲ.