ಡಾಕ್ಟರ ಕುರ್ಚಿಯಲ್ಲಿ ನಮಸ್ಕಾರ

ಮಿತ್ರರೇ, ಅರ್ಧ ಬಾಯಿ ಜೋಮು ಹಿಡಿದಿದೆ, ಯಾರೂ ಫೋನ್ ಮಾಡಬೇಡಿ. ಇಂದು ಬಾಗಲಕೋಟೆಯಲ್ಲಿ ವಸಡಿನೊಳಗೆ ಕಟ್ಟಿದ್ದ ಗಟ್ಟಿ ಹೊಲಸು ತೆಗೆಸಿಕೊಂಡೆ. ಆಪರೇಶನ್ ಅಲ್ಲ, ಕೆರೆದು ತೆಗೆಯುವುದಷ್ಟೇ.

ಹಲ್ಲಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು, "ಬ್ಯಾನಿ ಆದ್ರ ಕೈ ಎತ್ರಿ ಕಾಕಾರ, ನಿಲ್ಲಸ್ತೇನಿ." ನೋವು ತಡೆದುಕೊಳ್ಳುತ್ತೇನೆ ಎನ್ನಲು ನಾನು ಇಂಗ್ಲಿಷಿನಲ್ಲಿ "ಐ ಶಲ್ ಬೇರ್" ಎಂದೆ. ಶಲ್ಲೋ ವಿಲ್ಲೋ, ಕಾಲೇಜು ಬಿಟ್ಟು ಯಾವ ಕಾಲವಾಯಿತು.

ಕುರ್ಚಿ ತೆರೆದ ಬಾಗಿಲಿಗೆ ಎದುರಾಗಿತ್ತು. ಇಳಕಲ್ಲಿನ ಬೀಗರು ಹೊರಗಿನಿಂದಲೇ "ಶರಣರಿ" ಎಂದರು. ಬೀಗರಲ್ಲವೇ, ಕೈ ತಾನಾಗಿ ಎದ್ದಿತು. ಡಾಕ್ಟರಮ್ಮ ಗಾಬರಿಯಾಗಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಗುಡೂರಿನ ಹಳೆಯ ಗೆಳೆಯ ಇಣುಕಿದ, "ಏನ್ಲೇ, ಬಾಯಾಗ ಬಾವಿ ತೋಡಸಾಕತ್ತಿ ಏನು?" ಮತ್ತೆ ಕೈ ಎದ್ದಿತು, ಮತ್ತೆ ಕೆಲಸ ನಿಂತಿತು.

ಆಮೇಲೆ ನಿಜವಾಗಿಯೂ ಜೀವ ಹೋಗುವಷ್ಟು ನೋವಾಯಿತು. ಕೈ ಎತ್ತಿದೆ. ಡಾಕ್ಟರಮ್ಮ ತಲೆ ಎತ್ತದೆ, "ಈಗ ಯಾರ ಬಂದ್ರಿ ಕಾಕಾರ? ಕುಂಡ್ರಲಿ ಬಿಡ್ರಿ" ಎಂದು ಕೆರೆಯುತ್ತಲೇ ಇದ್ದರು. ಕಣ್ಣಲ್ಲಿ ನೀರು ಕಂಡ ಮೇಲೆ ಇನ್ನೊಂದು ಇಂಜೆಕ್ಷನ್ ಕೊಟ್ಟರು.

ನನ್ನಾಕೆ ಇದ್ದಾಗ ಕೈ ಎತ್ತುವ ಕೆಲಸವೇ ಇರಲಿಲ್ಲ, ಹುಬ್ಬು ನೋಡಿಯೇ ತಿಳಿಯುತ್ತಿದ್ದಳು.

ಸೋಮವಾರ ಬಾಯಿಯ ಇನ್ನೊಂದು ಕಡೆಯದ್ದು. ದಯವಿಟ್ಟು ಅಂದು ನನ್ನನ್ನು ಯಾರೂ ಗುರುತಿಸಬೇಡಿ.