ಮೇಸ್ತ್ರಿ ಹೇಳಿದ ‘ನೆಲ’

ಭವಾನಿಪುರಂನ ನಮ್ಮ ಮನೆ ಮಣ್ಣಿಗೆ ತಾಗಿ ಕೂತಿಲ್ಲ. ಕೃಷ್ಣಾ ನದಿ ಹತ್ತಿರವೆಂದು ಹಳೆಯ ಮಾಲೀಕರು ಗಿಡ್ಡ ಕಂಬ ನಿಲ್ಲಿಸಿ, ಮೇಲೆ ಕಡಪ ಕಲ್ಲು ಹಾಸಿ ಕಟ್ಟಿಸಿದ್ದರು. ಕೆಳಗೆ ಎರಡಡಿ ಟೊಳ್ಳು. ಬೆಕ್ಕು ಸಲೀಸಾಗಿ ಓಡಾಡುತ್ತದೆ, ಮನುಷ್ಯ ತೆವಳಬೇಕು. ಬ್ಯಾಂಕಿನವರು ನನ್ನನ್ನು ವಿಶಾಖಪಟ್ನಕ್ಕೆ ವರ್ಗ ಮಾಡಿದ ವರ್ಷ ಆ ಟೊಳ್ಳಿನ ತೇವ ಮೇಲಕ್ಕೇರಿ, ಅತ್ತೆಯ ಕೋಣೆಯ ಕಲ್ಲುಗಳು ಬೆವರತೊಡಗಿದವು.

ಅತ್ತೆಗೆ ಉಬ್ಬಸ. ಅವರ ಮಂಚವನ್ನು ಹಾಲ್‌ಗೆ ತಂದೆವು. ಬಂದವರೆಲ್ಲರ ಕಣ್ಣೆದುರು ಮಲಗುವುದು ಅವರಿಗೆ ಉಬ್ಬಸಕ್ಕಿಂತ ಕಷ್ಟ. ನಾನು ರಜೆಯಲ್ಲಿ ಹೋದಾಗ ಅವರು ಕೇಳಿದ್ದು ಒಂದೇ: “ನಾ ಗದಿ ನಾಕು ಇಪ್ಪಿಂಚಂಡಿ, ಅಲ್ಲುಡು ಗಾರು.” ನನ್ನ ಕೋಣೆ ನನಗೆ ಕೊಡಿಸಿ, ಅಳಿಯಂದಿರೇ.

ಮೊದಲು ಬಂದ ಕಂಟ್ರಾಕ್ಟರ್ ಚಪ್ಪಲಿಕಾಲಿನಿಂದ ಕಲ್ಲನ್ನು ಕುಟ್ಟಿ, ಎಲ್ಲ ಕಿತ್ತು ಟೊಳ್ಳಿಗೆ ಮರಳು ತುಂಬಿ ಕಾಂಕ್ರೀಟ್ ಹಾಕಬೇಕೆಂದ. ಎರಡನೆಯವನು ವಯಸ್ಸಾದ ಮೇಸ್ತ್ರಿ. ಏನೂ ಹೇಳದೆ ಅಂಗಿ ಬಿಚ್ಚಿಟ್ಟು, ಟಾರ್ಚ್ ಹಿಡಿದು ಕೆಳಗೆ ನುಸುಳಿದ. ನೋಡದೆ ಮಾತಾಡಬಾರದೆಂದು ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದರು. ಕೆಲಸ ಅವನಿಗೇ ಕೊಟ್ಟೆ.

ಮೈತುಂಬ ಜೇಡರಬಲೆಯೊಂದಿಗೆ ಹೊರಬಂದು ಹೇಳಿದ: “ಗಾಲಿ ಲೇದು ಸಾರ್.” ಗಾಳಿಯೇ ಇಲ್ಲ. ಗಾಳಿಯ ಕಿಂಡಿಗಳಿಗೆಲ್ಲ ಯಾರೋ ಇಟ್ಟಿಗೆ ತುರುಕಿದ್ದರು. ಬಚ್ಚಲಿನ ಪೈಪಿನ ಜಾಯಿಂಟೂ ತೊಟ್ಟಿಕ್ಕುತ್ತಿತ್ತು.

“ಇಟ್ಟಿಗೆ ಹಳೆಯ ಮಾಲೀಕರ ಕೆಲಸ,” ಎಂದೆ.

ಅತ್ತೆ ಮಂಚದಿಂದಲೇ ಕೂಗಿದರು: “ಪಾಮು ವಚ್ಚಿನಪ್ಪುಡು ಮೀರೇ ಕದಂಡಿ ಪೆಟ್ಟಿಂಚಿಂದಿ!” ಹಾವು ಬಂದಾಗ ಇಡಿಸಿದವರು ನೀವೇ ಅಲ್ಲವೇ!

ಹೆಂಡತಿಯೂ ಹೌದೆಂದಳು. ಆ ಹಾವು ನನಗೆ ಇವತ್ತಿಗೂ ನೆನಪಿಲ್ಲ. ಎಷ್ಟುದ್ದ, ಯಾವ ಬಣ್ಣ ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ್ದೇನೆ. ಬಣ್ಣದಲ್ಲಿ ಇಬ್ಬರ ಮಾತು ಹೊಂದುವುದಿಲ್ಲ, ಇಟ್ಟಿಗೆಯಲ್ಲಿ ಹೊಂದುತ್ತದೆ.

ಮೇಸ್ತ್ರಿ ಜಾಯಿಂಟ್ ಬದಲಿಸಿ, ಇಟ್ಟಿಗೆ ತೆಗೆದು ಜಾಲರಿ ಕೂರಿಸಿದ. ನಾನು ವಿಶಾಖಕ್ಕೆ ಮರಳಿ ವಾರದ ನಂತರ ಫೋನ್ ಮಾಡಿದಾಗ ಅವನು ಮನೆಯಲ್ಲೇ ಇದ್ದ. ಹೆಂಡತಿ ಫೋನನ್ನು ಅವನ ಕೈಗೆ ಕೊಟ್ಟಳು.

“ತಡಿ ನೆಲ ಲೋಪಲ ಪೋತುಂದಿ ಸಾರ್.”

ತಡಿ ಎಂದರೆ ತೇವ, ಅಷ್ಟು ತೆಲುಗು ನನಗೆ ಬರುತ್ತದೆ. ತೇವ ನೆಲದೊಳಕ್ಕೆ ಹೋಗುತ್ತಿದೆ! ಗಾಬರಿಯಾಗಿ, ಹೆಂಡತಿಗೆ ಫೋನ್ ಕೊಡಿಸಿ, ಮೊದಲಿನ ಕಂಟ್ರಾಕ್ಟರನ್ನು ಕರೆದು ಕಲ್ಲು ಕೀಳಿಸು ಎಂದೆ.

ಅವಳು ನಗತೊಡಗಿದಳು. “ರೀ, ನೆಲ ಅಂದ್ರೆ ತಿಂಗಳು! ತಿಂಗಳೊಳಗೆ ತೇವ ಹೋಗುತ್ತೆ ಅಂದ. ನಿಮ್ಮ ನೆಲಕ್ಕೆ ನಾವು ನೇಲ ಅಂತೀವಿ, ಉದ್ದಕ್ಕೆ. ತೆಲುಗು ಹುಡುಗೀನ ಕಟ್ಕೊಂಡು ಇಷ್ಟು ವರ್ಷ ಏನು ಕಲಿತ್ರಿ?”

“ಅವನು ಉದ್ದಕ್ಕೇ ಹೇಳಿದ.”

“ಹಾವು ನೆನಪಿದೆಯಾ?”

ಇಡೀ ಹಾವನ್ನೇ ಕಳೆದುಕೊಂಡವನು ಒಂದು ದೀರ್ಘಕ್ಕೆ ಹೇಗೆ ಸಾಕ್ಷಿ ಹೇಳಲಿ? ಕಲ್ಲು ಕೀಳಿಸಲಿಲ್ಲ. ತಿಂಗಳು ಕಾಯುವುದೆಂದಾಯಿತು.

ತಿಂಗಳು ತುಂಬಿದ ಶನಿವಾರ ರೈಲು ಹತ್ತಿ ಬಂದೆ. ಅತ್ತೆಯ ಕೋಣೆಯ ಕಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತಲೂ ಟೇಪ್ ಅಂಟಿಸಿದೆ. ಕೆಳಗಿನಿಂದ ತೇವ ಬರುತ್ತಿದ್ದರೆ ಹಾಳೆಯ ಅಡಿಯಲ್ಲಿ ಹನಿ ಕಟ್ಟಬೇಕು. ಮರುದಿನ ಬೆಳಿಗ್ಗೆ ಎತ್ತಿ ನೋಡಿದರೆ ಒಣಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಎರಡು ಹನಿ. ಮೇಲಿನ ನೀರೋ, ಕೆಳಗಿನದೋ? ನನ್ನ ಬೆವರೇ ಇರಬಹುದೇ? ಮಂಡಿಯೂರಿ ಬೆರಳಿಟ್ಟು ನೋಡುತ್ತಿದ್ದೆ. ಹಿಂದಿನಿಂದ ಮಂಚ ಎಳೆಯುವ ಸದ್ದು. ಅತ್ತೆ, ಹೆಂಡತಿ ಇಬ್ಬರೂ ಸೇರಿ ಅದನ್ನು ಎದುರು ಗೋಡೆಗೆ ಹಚ್ಚಿದರು.

“ಇನ್ನೂ ಎರಡು ಹನಿ ಇದೆ, ಅತ್ತೆ.”

“ಆ ಮೂಲ ಮೀರು ಪಡುಕೋಂಡಿ,” ಎಂದರು. ಆ ಮೂಲೆಯಲ್ಲಿ ನೀವು ಮಲಗಿ.

ಹಾಗೆಂದು ನನ್ನನ್ನೂ ನನ್ನ ಹಾಳೆಯನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.