ನೀರು ಕೇಳುತ್ತಿದ್ದಾಳೆ

ಸೋಂಬಾಯಿ ನನಗೆ ಹೇಳಿದ್ದಳು. ಹೇಳಿಲ್ಲ ಎಂದು ಊರಿನೆದುರು ಸುಳ್ಳಾಡಿದವಳು ನಾನು — ಅವಳ ಟೀಚರು.

ಹೈದರಾಬಾದಿನ ನಾರಾಯಣಗೂಡದಲ್ಲಿ ಬೆಳೆದ ನನಗೆ ಮನೆಯ ಕನ್ನಡ, ಹೊರಗಿನ ತೆಲುಗು, ಹಿಂದಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಆದರೂ ಆದಿಲಾಬಾದ್ ಕಡೆಯ ಗೊಂಡ ಆದಿವಾಸಿಗಳ ಹಳ್ಳಿಶಾಲೆಗೆ ಕೆಲಸ ಕೇಳಿ ಹೋದಾಗ, ಅವರ ಗೊಂಡಿ ಭಾಷೆ ಬರುತ್ತದೆ ಎಂದೆ. ಸೇರಿದ ಮೇಲೆ ಕಲಿತರಾಯಿತು ಅಂದುಕೊಂಡಿದ್ದೆ — ಕಲಿಯಲಿಲ್ಲ. ಬಾ, ಹೋಗು, ಕೂತುಕೋ — ಇಷ್ಟರಲ್ಲೇ ವರ್ಷ ಕಳೆದೆ. ಮಕ್ಕಳು ಏನು ಅಂದರೂ ತಲೆಯಾಡಿಸುತ್ತಿದ್ದೆ.

ಅವತ್ತು ಶಾಲೆ ನೋಡಲು ಮೇಲಧಿಕಾರಿ ಬಂದಿದ್ದರು. ಒಳಗೆ ಮಕ್ಕಳು ಒಟ್ಟಾಗಿ ಮಗ್ಗಿ ಕೂಗುತ್ತಿದ್ದರು. ನಾವಿಬ್ಬರೂ ಜಗಲಿಯಲ್ಲಿ ನಿಂತಿದ್ದೆವು. ಎಂಟು ವರ್ಷದ ಸೋಂಬಾಯಿ ಹೊಲದ ಕಡೆಯಿಂದ ಓಡಿಬಂದು ನನ್ನ ಸೆರಗು ಹಿಡಿದಳು. ಮೆಲ್ಲಗೆ ಏನೋ ಹೇಳಿದಳು. ಇನ್ನೊಮ್ಮೆ ಹೇಳಿದಳು. ಅಳುತ್ತಿರಲಿಲ್ಲ — ಟೀಚರ ಮುಂದೆ ಅಳಬಾರದೆಂದು ಕಲಿಸಿದವಳೂ ನಾನೇ.

"ಏನಂತೆ?" ಎಂದರು ಅಧಿಕಾರಿ.

"ನೀರು ಕೇಳುತ್ತಿದ್ದಾಳೆ, ಸರ್."

ಅವರು ಮೆಚ್ಚಿ ತಲೆದೂಗಿದರು. ನಾನು ಅವಳ ಕೈಗೆ ಒಂದು ಲೋಟ ನೀರು ಕೊಟ್ಟು, ಗೊಂಡಿಯಲ್ಲಿ ಕೂತುಕೋ ಎಂದೆ. ಅವಳು ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಒಳಗೆ ಹೋಗಿ ಕೂತಳು. ಟೀಚರಿಗೆ ಹೇಳಿಯಾಯಿತು, ಇನ್ನು ಅವರು ನೋಡಿಕೊಳ್ಳುತ್ತಾರೆ — ಹಾಗೆ ನಂಬಿದ್ದಳೇನೋ…

ಹತ್ತಿ ಹೊಲದ ಬದುವಿನಲ್ಲಿ ಅವಳ ಪುಟ್ಟ ತಂಗಿಗೆ ಹಾವು ಕಚ್ಚಿತ್ತು. ಮಧ್ಯಾಹ್ನ ದನ ಕಾಯುವವರ ಕಣ್ಣಿಗೆ ಬೀಳುವ ಹೊತ್ತಿಗೆ ಮಗುವಿನ ಮೈ ತಣ್ಣಗಾಗಿತ್ತು.

ಹೆಂಡತಿಯೊಡನೆ ಕೂಲಿಗೆ ಹೋಗಿದ್ದ ಅಪ್ಪ ಸಂಜೆ ಸೋಂಬಾಯಿಯನ್ನು ಎಳೆದುಕೊಂಡು ಶಾಲೆಗೆ ಬಂದ. ಹರಕು ತೆಲುಗಿನಲ್ಲಿ ಕೇಳಿದ: "ಟೀಚರಮ್ಮ, ನಿಮಗೆ ಹೇಳಿದೆ ಅಂತಾಳೆ. ಹೇಳಿದಳಾ?"

ಅಧಿಕಾರಿ ಆಗಲೇ ಹೊರಟುಹೋಗಿದ್ದರು. ಊರೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.

"ಇಲ್ಲ. ಏನೂ ಹೇಳಲಿಲ್ಲ."

ಅವನು ಮಗಳ ಕೆನ್ನೆಗೆ ಬಾರಿಸಿದ. ಅವಳು ಅಪ್ಪನನ್ನು ನೋಡಲಿಲ್ಲ — ನನ್ನನ್ನೇ ನೋಡುತ್ತ ನಿಂತಳು.

ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಮನೆಗೆ ಬಂದೆ. ಅವ್ವ ತಟ್ಟೆ ಮುಂದಿಟ್ಟು ಸಮಾಧಾನ ಹೇಳಿದಳು: "ಆಕಿ ಹೇಳಿದ್ರ ನೀ ಓಡಿ ಹೋಗ್ತಿದ್ದಿಲ್ಲೇನು? ಇದ್ರಾಗ ನಿಂದೇನು ತಪ್ಪೈತಿ? ಭಾಳ ಸೊರಗಿದಿ. ಉಣ್ಣವಾ."

ಉಂಡೆ.

ಎಷ್ಟೋ ವರ್ಷಗಳ ಮೇಲೆ, ಹೋದ ವಾರ, ಇದೇ ಹೈದರಾಬಾದಿನ ದಿಲ್‌ಸುಖ್‌ನಗರದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳು ನನ್ನ ಗುರುತು ಹಿಡಿದು "ಟೀಚರಮ್ಮಾ!" ಎಂದಳು. ಸೋಂಬಾಯಿ. ಮದುವೆಯಾಗಿ ಈ ಊರಿಗೆ ಬಂದಿದ್ದಾಳೆ, ಸರಾಗವಾಗಿ ತೆಲುಗು ಮಾತಾಡುತ್ತಾಳೆ. ಅಪ್ಪ ಸಾಯುವವರೆಗೂ ಅವಳೊಡನೆ ಮಾತು ಬಿಟ್ಟಿದ್ದನಂತೆ. ಸೀರೆ ಮಡಿಸುತ್ತಲೇ ಅವಳು ಹೇಳಿದಳು:

"ನಿಮಗೆ ಹೇಳಿದ್ದೆ ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ, ಟೀಚರಮ್ಮ. ಹೆದರಿ ಹೇಳಲೇ ಇಲ್ಲವೇನೋ… ಇಲ್ಲದಿದ್ದರೆ ನೀವು ಯಾಕೆ ಸುಳ್ಳು ಹೇಳುತ್ತೀರಿ?"

ಆಗಲಾದರೂ ನಾನು — ಇಲ್ಲ. ಸೀರೆಯ ಅಂಚು ಸವರುತ್ತ ನಿಂತೆ. ನನ್ನ ಸುಳ್ಳು ಅವಳ ನೆನಪನ್ನೇ ಕೆಡಿಸಿತ್ತು. ತಂಗಿಯ ಸಾವನ್ನು ಅವಳು ತನ್ನ ತಲೆಯ ಮೇಲೆ ಹಾಕಿಕೊಂಡು ಬದುಕಿದ್ದಾಳೆ, ಮತ್ತು ನನ್ನ ಆರೋಗ್ಯ ವಿಚಾರಿಸುತ್ತಾಳೆ.

ಅವಳ ಅಪ್ಪನಿಗೆ ಇನ್ನು ಹೇಳಲಾಗದು. ತಾಯಿ ಇನ್ನೂ ಹಳ್ಳಿಯಲ್ಲಿದ್ದಾಳಂತೆ. ನಾಳೆ ಅಂಗಡಿಗೆ ಹೋಗಿ ಸೋಂಬಾಯಿಗೆ ಎಲ್ಲವನ್ನೂ ಹೇಳುತ್ತೇನೆ. ಅವಳು ಕರೆದೊಯ್ದರೆ ತಾಯಿಯ ಮುಂದೆಯೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ — ಅಷ್ಟು ಕಳಕೊಂಡವಳ ಹತ್ತಿರ ಮತ್ತೂ ಏನನ್ನಾದರೂ ಕೇಳಲು ನನಗೆ ಮುಖವಿಲ್ಲ.